ಎಣ್ಣೆ ಕ್ಯಾನಿನ ಲೆಕ್ಕ

ಕಳೆದ ವರ್ಷದ ಜುಲೈನಲ್ಲಿ ನನ್ನ ತೂಕ 84 ಕಿಲೋ, ಎತ್ತರ 168 ಸೆಂಟಿಮೀಟರ್. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಸಿಗುವ ಬಿಎಂಐ ನನಗೆ 30ರ ಸಮೀಪ ಬಂದಿತ್ತು. ಭಾರತೀಯರ ಮೈಕಟ್ಟಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಪರಿಗಣಿಸುತ್ತಾರೆ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಮೀರಬಾರದು, ಹೆಂಗಸರದು 80. ನನ್ನದು 102 ಇತ್ತು. ಪ್ಯಾಂಟು ಹೊಲಿಸಲು ಹೋದಾಗ, ಉಳಿದೆಲ್ಲ ಅಳತೆಗಳನ್ನು ಹುಡುಗನಿಗೆ ಕೂಗಿ ಹೇಳಿದ ಟೈಲರು ಸೊಂಟದ್ದನ್ನು ಮಾತ್ರ ತಾವೇ ಮೌನವಾಗಿ ಪುಸ್ತಕದಲ್ಲಿ ಬರೆದುಕೊಂಡರು.

ತೂಕ ಇಳಿಸುವ ಸಾಹಸ ನನಗೆ ಹೊಸದೇನೂ ಆಗಿರಲಿಲ್ಲ. ಎರಡು ವರ್ಷಗಳ ಹಿಂದೆ ಪರಿಚಿತರೊಬ್ಬರ ಮಾತು ಕೇಳಿ, ರಾತ್ರಿಯ ಊಟ ಬಿಟ್ಟು, ನೀರಿನಲ್ಲಿ ಕದಡುವ ಯಾವುದೋ ಪುಡಿಯನ್ನು ಕುಡಿದು 10 ದಿನಗಳಲ್ಲಿ 4 ಕಿಲೋ ಇಳಿದಿದ್ದೆ. ಒಂದು ತಿಂಗಳೊಳಗೆ ಆ 4 ಕಿಲೋ ಬಡ್ಡಿ ಸಮೇತ ಮರಳಿತು. ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುವ ಸಕ್ಕರೆಯ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಉಪವಾಸ ಬಿದ್ದವನು ಮೊದಲ ವಾರದಲ್ಲಿ ಕಳೆದುಕೊಳ್ಳುವುದು ಬಹುಪಾಲು ಈ ನೀರನ್ನೇ ಹೊರತು ಕೊಬ್ಬನ್ನಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಈ ಸಲ ಆರಂಭಿಸಿದ್ದು ಅಡುಗೆಮನೆಯ ಮೂಲೆಯಲ್ಲಿದ್ದ 5 ಲೀಟರಿನ ಎಣ್ಣೆ ಕ್ಯಾನಿನಿಂದ. ತಾಯಿ, ಹೆಂಡತಿ ಮತ್ತು ನಾನು, ಹೀಗೆ ಮೂವರಿರುವ ಮನೆಗೆ ಅದು ಸರಿಯಾಗಿ ಒಂದು ತಿಂಗಳು ಬರುತ್ತಿತ್ತು. ಭಾಗಾಕಾರ ಮಾಡಿ ನೋಡಿದರೆ ತಲೆಗೆ ದಿನಕ್ಕೆ 50 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಪ್ರಮಾಣ ಹೆಚ್ಚುಕಡಿಮೆ ಇದರ ಅರ್ಧ. ಅನ್ನದಲ್ಲಿರುವ ಪಿಷ್ಟದ ಒಂದು ಗ್ರಾಮಿನಿಂದ 4 ಕ್ಯಾಲೊರಿ ಬಂದರೆ ಎಣ್ಣೆಯ ಒಂದು ಗ್ರಾಮಿನಿಂದ 9 ಬರುತ್ತದೆ. ಅದು ಕಡಲೆಕಾಯಿ ಎಣ್ಣೆಯಾಗಲಿ, ಗಾಣದ ಕೊಬ್ಬರಿ ಎಣ್ಣೆಯಾಗಲಿ, ಮನೆಯಲ್ಲೇ ಕಾಯಿಸಿದ ತುಪ್ಪವಾಗಲಿ, ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ದಿನಕ್ಕೆ 25 ಗ್ರಾಂ ಉಳಿಸಿದರೆ 225 ಕ್ಯಾಲೊರಿ ಉಳಿಯುತ್ತದೆ, ಅದೂ ತಟ್ಟೆಯಲ್ಲಿನ ಒಂದು ತುತ್ತನ್ನೂ ಕಡಿಮೆ ಮಾಡದೆ.

ಕ್ಯಾನಿನ ಬದಲು ಒಂದೊಂದು ಲೀಟರಿನ ಪ್ಯಾಕೆಟ್ ತರುವುದು, ಬಾಣಲೆಗೆ ನೇರವಾಗಿ ಸುರಿಯದೆ ಚಮಚದಲ್ಲಿ ಅಳೆದು ಹಾಕುವುದು ಎಂದು ತೀರ್ಮಾನವಾಯಿತು. ತಾಯಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. "ಇಷ್ಟು ಎಣ್ಣೇಲಿ ಸಾಸಿವೆ ಸಿಡಿಯೋದು ಹೆಂಗಪ್ಪಾ?" ಎಂದು ಸೌಟು ಹಿಡಿದುಕೊಂಡೇ ಕೇಳಿದರು. ಅಗಲವಾದ ಬಾಣಲೆಯನ್ನು ಬಿಟ್ಟು ಅಂಗೈಯಗಲದ ಒಗ್ಗರಣೆ ಸೌಟನ್ನು ಓರೆಯಾಗಿ ಹಿಡಿದರೆ ಒಂದೇ ಚಮಚ ಎಣ್ಣೆಯಲ್ಲಿ ಸಾಸಿವೆ ಚಟಪಟಗುಟ್ಟುತ್ತದೆ ಎಂಬುದನ್ನು ಕಂಡುಹಿಡಿದವರೂ ಅವರೇ. ಮಂಡ್ಯ ಕಡೆಯವರಾದ ಅವರಿಗೆ ಉಪ್ಸಾರು ಕೈಗೂಡಿದ ಅಡುಗೆ: ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಕಟ್ಟನ್ನು ಬಸಿದು, ಜೊತೆಗೆ ರುಬ್ಬಿದ ಖಾರ. ಎಣ್ಣೆಯ ಮಾತೇ ಇಲ್ಲದ ಈ ಊಟ ವಾರಕ್ಕೆ ಎರಡು ಬಾರಿ ನಮ್ಮ ತಟ್ಟೆಗೆ ಮರಳಿತು.

ಇಲ್ಲಿಯೇ ರಾಗಿಯ ಕುರಿತು ಒಂದು ಮಾತು. ಮುದ್ದೆ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶವಂತೂ 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಮಿಗಿಲು, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದೂ ನನ್ನ ಅನುಭವ. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ ಹಿಟ್ಟಿಗೂ ಅಕ್ಕಿಗೂ ಹೇಳಿಕೊಳ್ಳುವಷ್ಟು ಅಂತರವಿಲ್ಲ. ಎರಡು ಮುದ್ದೆ ನುಂಗಿ, ಮೇಲೆ ಮಜ್ಜಿಗೆಗೆಂದು ಅನ್ನ ಬಡಿಸಿಕೊಳ್ಳುತ್ತಿದ್ದ ನಾನು ಒಂದು ಮುದ್ದೆಗೆ ಇಳಿದು, ಆ ಜಾಗವನ್ನು ಪಲ್ಯ ಮತ್ತು ಕೋಸಂಬರಿಯಿಂದ ತುಂಬಿಸಿಕೊಂಡ ಮೇಲೆಯೇ ಮುದ್ದೆಯಿಂದ ಪ್ರಯೋಜನವಾದದ್ದು.

ವ್ಯಾಯಾಮವೆಂದರೆ ನನಗೆ ಬೆಳಗಿನ ಕುಕ್ಕರಹಳ್ಳಿ ಕೆರೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವೇಗದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ 5 ದಿನ, ದಿನಕ್ಕೆ 50 ನಿಮಿಷ ನಾನು ಬಿರುಸಾಗಿ ನಡೆಯುತ್ತೇನೆ. ನನ್ನ ತೂಕದವನು ಅಷ್ಟು ನಡೆದರೆ ಖರ್ಚಾಗುವುದು 250ರಿಂದ 300 ಕ್ಯಾಲೊರಿ, ಅಂದರೆ ಎರಡು ದೊಡ್ಡ ಚಮಚ ಎಣ್ಣೆಯಷ್ಟು. ವಾಕಿಂಗ್ ಮುಗಿಸಿ ಗುಂಪಾಗಿ ದರ್ಶಿನಿಗೆ ಹೋಗಿ ಇಡ್ಲಿ, ಉದ್ದಿನ ವಡೆ, ಮೇಲೊಂದು ಸಕ್ಕರೆ ಕಾಫಿ ತೆಗೆದುಕೊಳ್ಳುವ ಗೆಳೆಯರ ಹೊಟ್ಟೆ ವರ್ಷಗಳಿಂದ ಹಾಗೆಯೇ ಇರುವುದರ ಗುಟ್ಟು ಇದೇ. ಆ ಗುಂಪಿನಲ್ಲಿ ನಾನೂ ಮೂರು ವರ್ಷ ಇದ್ದೆ.

ವಾರದಲ್ಲಿ ಎರಡು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು ಸೇರಿಕೊಂಡವು. ಊಟ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುವುದನ್ನು ತಡೆಯಲು ಇದೂ ಬೇಕು, ಮೊಳಕೆಕಾಳು, ಮೊಟ್ಟೆ, ಮೊಸರೂ ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ರಕ್ತದ ಸಕ್ಕರೆ ಹಠಾತ್ತಾಗಿ ಕುಸಿಯಬಹುದು.

11 ತಿಂಗಳಲ್ಲಿ 84 ಇದ್ದದ್ದು 75ಕ್ಕೆ ಬಂದಿದೆ, ಸೊಂಟ 93ಕ್ಕೆ. ಈ ನಡುವೆ ಯುಗಾದಿಯ ತಿಂಗಳಲ್ಲಿ ಒಬ್ಬಟ್ಟು, ಅಂಬೊಡೆಗಳ ನಡುವೆ ಎಣ್ಣೆ ಮೂರೂವರೆ ಲೀಟರಿಗೆ ಹೋಗಿ ನಾನು ಒಂದು ಕಿಲೋ ಏರಿದ್ದೂ ಉಂಟು. ಪ್ಯಾಕೆಟ್ ಕತ್ತರಿಸಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸವನ್ನು ಈಗ ತಾಯಿಯವರೇ ವಹಿಸಿಕೊಂಡಿದ್ದಾರೆ. ಈ ತಿಂಗಳ ಮೂರನೆಯ ಗುರುತು 26ನೆಯ ತಾರೀಖಿನ ಮೇಲೆ ಬಿದ್ದಿದೆ.