ಮೊದಲ ಕೌದಿಗೆ ಯಾವ ದಾರ?

ಅಮ್ಮನ ಹಳೇ ಸೀರೆ ಒಳಗಿಟ್ಟು, ಮೇಲೆ ತುಂಡು ಬಟ್ಟೆ ಜೋಡಿಸಿ ಕೌದಿ, ಅಂದರೆ ಹಳೇ ಬಟ್ಟೆಯ ಹೊದಿಕೆ, ಹೊಲಿಯಲು ಕೂತೆ. ಮನೆಯಲ್ಲಿದ್ದ ತೆಳ್ಳನೆಯ ಮಷಿನ್ ದಾರವನ್ನೇ ಪೋಣಿಸಿದ್ದು ತಪ್ಪಾಯಿತು. ನಾಲ್ಕು ಪದರ ದಾಟಿಸಿ ಎಳೆದರೆ ಪಟ್ ಅಂತ ತುಂಡು. ಈಗ ದಪ್ಪ ಹತ್ತಿ ದಾರ ತರುತ್ತೇನೆ, ಒಂದೂವರೆ ಮೊಳಕ್ಕಿಂತ ಉದ್ದ ತೆಗೆಯಲ್ಲ, ಜಾಸ್ತಿಯಾದರೆ ಗಂಟು ಬಿಡಿಸೋದೇ ಕೆಲಸ, ಸ್ವಲ್ಪ ಜೇನುಮೇಣ ಸವರಿಕೊಂಡರೆ ಇನ್ನೂ ಒಳ್ಳೇದು.

ಹೊಲಿಗೆಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸೂಜಿ ಮೇಲೆ-ಕೆಳಗೆ ಹಾಯಿಸುತ್ತಾ ಹೋಗುವ ಸಾದಾ ರನ್ನಿಂಗ್ ಹೊಲಿಗೆ ಸಾಕು, ಒಂದೊಂದೂ ಅಕ್ಕಿಕಾಳಿನಷ್ಟು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಅದೊಂದರಲ್ಲೇ ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಇಡುತ್ತಾರೆ.

ದಾರದ ಬಣ್ಣ? ನಾನು ಬಿಳಿ ಹಾಕಿದೆ. ಕಡುನೀಲಿ ತುಂಡಿನ ಮೇಲೆ ನನ್ನ ಸೊಟ್ಟ ಸಾಲೆಲ್ಲ ಎದ್ದು ಕಾಣುತ್ತಿದೆ.