ಮೈಸೂರು ಗಾದಿ ಕಾಪಾಡಿದ ಇಬ್ಬರು ಮಹಾರಾಣಿಯರು

ದಸರಾ ಹತ್ರ ಬಂತು ಅಂದ್ರೆ ನಮ್ ಮೈಸೂರಲ್ಲಿ ಎಲ್ಲರ ಬಾಯಲ್ಲೂ ರಾಜರದ್ದೇ ಮಾತು. 1399ರ ಯದುರಾಯರು, 1610ರಲ್ಲಿ ಶ್ರೀರಂಗಪಟ್ಟಣ ತಗೊಂಡು ಅಲ್ಲೇ ದಸರಾ ಶುರು ಮಾಡಿದ ರಾಜ ಒಡೆಯರು, ಅಲ್ಲಿಂದ ಸೀದಾ ನಾಲ್ವಡಿಯವರು, ಕನ್ನಂಬಾಡಿ ಕಟ್ಟೆ. ನಾಲ್ವಡಿಯವರನ್ನ ಮಂಡ್ಯ ಕಡೆ ರೈತರು ದೇವರ ಥರ ನೋಡ್ತಾರೆ, ನೋಡ್ಲೇಬೇಕು. ಆದ್ರೆ ಈ ಮನೆತನದಲ್ಲಿ ಎರಡು ಸಲ ಗಾದಿಗೆ ಒಂದು ಚಿಕ್ಕ ಹುಡುಗ ಬಿಟ್ರೆ ಬೇರೆ ಗತಿ ಇಲ್ಲದ ಹಾಗಾಗಿತ್ತು, ಎರಡೂ ಸಲ ಮುಂದೆ ನಿಂತು ಕಾಪಾಡಿದ್ದು ಗಂಡನನ್ನ ಕಳ್ಕೊಂಡ ಹೆಣ್ಣುಮಕ್ಕಳು, ಅದನ್ನ ಯಾರೂ ಹೇಳಲ್ಲ ಅನ್ನೋದು ನಂಗೆ ತುಂಬಾ ಬೇಜಾರು.

ಮೊದಲನೆಯವರು ಲಕ್ಷ್ಮಮ್ಮಣ್ಣಿಯವರು. ಇವರ ಗಂಡ ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರ್ಕೊಂಡಾಗ ಅಧಿಕಾರ ಆಗ್ಲೇ ಹೈದರಾಲಿ ಕೈಲಿತ್ತು, ಒಡೆಯರು ಹೆಸರಿಗೆ ಮಾತ್ರ ರಾಜರು. 1796ರಲ್ಲಿ ಖಾಸಾ ಚಾಮರಾಜ ಒಡೆಯರು ಹೋದ್ಮೇಲೆ ಟಿಪ್ಪು ಆ ಹೆಸರಿನ ಗಾದಿಗೂ ಯಾರನ್ನೂ ಕೂರಿಸ್ಲಿಲ್ಲ. ಈಯಮ್ಮ ಶ್ರೀರಂಗಪಟ್ಟಣದಲ್ಲೇ ಕಾವಲಿನ ಮಧ್ಯೆ ಇದ್ಕೊಂಡು, ಪ್ರಧಾನ್ ತಿರುಮಲರಾಯರ ಮೂಲಕ ಗುಟ್ಟಾಗಿ ಇಂಗ್ಲಿಷರ ಜೊತೆ ಮಾತುಕತೆ ನಡೆಸ್ತಾನೇ ಇದ್ರು, ಅದೂ ಒಂದೆರಡು ವರ್ಷ ಅಲ್ಲ, ಸಿಕ್ಕಿಬಿದ್ರೆ ಏನಾಗುತ್ತೆ ಅಂತ ಗೊತ್ತಿದ್ದೂ. 1799ರ ಮೇ 4ಕ್ಕೆ ಪಟ್ಟಣ ಬಿತ್ತು, ಜೂನ್ 30ಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಲ್ಲಿ ಪಟ್ಟ ಆಯ್ತು. ಆಗ ಪಟ್ಟಕ್ಕೆ ಸರಿಯಾದ ಅರಮನೇನೂ ಇರ್ಲಿಲ್ಲ, ಲಕ್ಷ್ಮೀರಮಣಸ್ವಾಮಿ ದೇವಸ್ಥಾನದ ಹತ್ರ ಚಪ್ಪರ ಹಾಕಿ ಮಾಡಿದ್ದು. ಆ ದೇವಸ್ಥಾನ ಈಗ್ಲೂ ಅರಮನೆ ಕೋಟೆ ಒಳಗೇ ಇದೆ, ಅಂಬಾರಿ ನೋಡೋಕೆ ಬರೋ ಜನದಲ್ಲಿ ಆ ಕಡೆ ತಿರುಗೋರು ಕಮ್ಮಿ.

ಇಂಗ್ಲಿಷರು ಸುಮ್ನೆ ಏನೂ ಕೊಡ್ಲಿಲ್ಲ ಅನ್ನೋದನ್ನೂ ಹೇಳ್ಬೇಕು. ರಾಜ್ಯದ ಎಷ್ಟೋ ಸೀಮೆ ಅವರೂ ನಿಜಾಮನೂ ಹಂಚ್ಕೊಂಡ್ರು, ಉಳಿದಿದ್ದಕ್ಕೆ ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕಿತ್ತು. ಭಾರಿ ಬೆಲೆನೇ. ಆದ್ರೂ ಅವತ್ತು ಆ ಗಾದಿ ವಾಪಸ್ ಬರ್ದೇ ಹೋಗಿದ್ರೆ ನಾವು ಈಗ ಹೇಳ್ಕೊಳ್ಳೋ ಮೈಸೂರು ಸಂಸ್ಥಾನ ಅನ್ನೋದೇ ಇರ್ತಿರ್ಲಿಲ್ಲ.

ಎರಡನೆಯವರು ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನ. 1894ರ ಡಿಸೆಂಬರಲ್ಲಿ ಇವರ ಗಂಡ ಚಾಮರಾಜೇಂದ್ರ ಒಡೆಯರು ಕಲ್ಕತ್ತಾಗೆ ಹೋದೋರು ಅಲ್ಲೇ ತೀರ್ಕೊಂಡ್ರು, ಮಗ ನಾಲ್ವಡಿಯವರಿಗೆ ಬರೀ ಹತ್ತು ವರ್ಷ. ಆ ದುಃಖದಲ್ಲೇ ರಾಜಪ್ರತಿನಿಧಿಯಾಗಿ ಕೂತ್ರು. 1897ರಲ್ಲಿ ಮಗಳ ಮದುವೆ ಟೈಮಲ್ಲಿ ಮರದ ಅರಮನೆಗೆ ಬೆಂಕಿ ಬಿತ್ತು, ಮಾರನೇ ವರ್ಷ ಪ್ಲೇಗು. ಒಂದ್ ಸಲ ಯೋಚ್ನೆ ಮಾಡಿ, ಆ ತಾಯಿ ಹೇಗೆ ತಡ್ಕೊಂಡ್ರೋ! ಬೆಂಕಿ ಬಿದ್ದ ವರ್ಷವೇ ಹೊಸ ಅರಮನೆ ಕೆಲಸ ಇಂಗ್ಲಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ವಹಿಸಿದ್ರು. ಈಗ ಕಲ್ಯಾಣ ಮಂಟಪಕ್ಕೆ ಹೋದ್ರೆ ನವಿಲಿನ ಗಾಜಿನ ಚಾವಣಿ ನೋಡಿ ಎಲ್ರೂ ತಲೆ ಎತ್ಕೊಂಡೇ ನಡೀತಾರೆ, ಅದನ್ನ ಹೊತ್ತಿರೋ ಕಂಬಗಳನ್ನ ಮುಟ್ಟದಿದ್ರೂ ಹತ್ರ ನಿಂತು ನೋಡಿ, ಅವು ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣ. ಒಂದ್ ಸಲ ಸುಟ್ಟ ಮನೆ, ಮತ್ತೆ ಮರ ನಂಬೋದು ಬೇಡ ಅಂತ.

ಹಿರಿಯೂರಿನ ವಾಣಿವಿಲಾಸ ಸಾಗರ, ಅದೇ ಮಾರಿಕಣಿವೆ, ಅದರ ಕೆಲಸ ಶುರುವಾಗಿದ್ದೂ ಇವರ ಕಾಲದಲ್ಲೇ. ನಮ್ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು 1902ರ ಜೂನಲ್ಲಿ, ನಾಲ್ವಡಿಯವರು ಅಧಿಕಾರ ವಹಿಸ್ಕೊಂಡಿದ್ದು ಅದೇ ವರ್ಷ ಆಗಸ್ಟಲ್ಲಿ. ಅಂದ್ರೆ ಮಗನ ಕೈಗೆ ತಾಯಿ ಕೊಟ್ಟಿದ್ದು ದೀಪ ಹತ್ತಿದ ರಾಜ್ಯ ಕಣ್ರೀ.