ಕೇರಂ ಬೋರ್ಡಿನ ಮೇಲೆ ಕ್ರೊಸಾಂಟ್

ಚೀಟಿ ಎತ್ತಿದ್ದು ನಾನೇ. ಹಾಗಾಗಿ ಯಾರನ್ನೂ ಬೈಯುವ ಹಾಗಿರಲಿಲ್ಲ.

ನಾವು ಆರು ಜನ ಗೆಳತಿಯರು. ಊರು ಬಿಟ್ಟು ಬಂದು ಮುಂಬೈ ಲೋಕಲ್ ಟ್ರೇನಿನ ಸೆಂಟ್ರಲ್ ಲೈನಿನಲ್ಲಿ ಒಂದೊಂದು ಸ್ಟೇಷನ್ನಿಗೆ ಅಂಟಿಕೊಂಡವರು. ಫೋನಿನಲ್ಲೂ ಒಬ್ಬರನ್ನೊಬ್ಬರು ಸೇವ್ ಮಾಡಿಕೊಂಡಿರುವುದು ಸ್ಟೇಷನ್ನಿನ ಹೆಸರಲ್ಲೇ. ಮುಲುಂಡ್, ಕಲ್ವಾ, ಭಾಂಡುಪ್. ನಾನು ಡೊಂಬಿವಲಿ. 2020ರ ಲಾಕ್‌ಡೌನಿನಲ್ಲಿ ಎಲ್ಲರ ಹಾಗೆ ನಾವೂ ಬಾಳೆಹಣ್ಣಿನ ಕೇಕ್ ಮಾಡಿ ಫೋಟೋ ಕಳಿಸುತ್ತಿದ್ದೆವು. ಲಾಕ್‌ಡೌನ್ ಮುಗಿಯಿತು, ಚಟ ಬಿಡಲಿಲ್ಲ. ಈಗ ತಿಂಗಳಿಗೊಂದು ಚೀಟಿ. ಅದರಲ್ಲಿ ಬಂದದ್ದನ್ನು ಎಲ್ಲರೂ ಅವರವರ ಮನೆಯಲ್ಲಿ ಬೇಕ್ ಮಾಡಿ, ಒಂದು ಭಾನುವಾರ ಸಂಜೆ ಮುಲುಂಡಿನವಳ ಮನೆಗೆ ಒಯ್ಯಬೇಕು. ನಿಯಮ ಎರಡೇ. ಅಂಗಡಿಯಿಂದ ತಂದು ಮೋಸ ಮಾಡಬಾರದು. ಹಾಳಾದರೂ ತರಲೇಬೇಕು.

ಮೇ ತಿಂಗಳ ಚೀಟಿಯಲ್ಲಿ ಇದ್ದದ್ದು ಕ್ರೊಸಾಂಟ್, ಅರ್ಧಚಂದ್ರದ ಹಾಗಿರುವ ಫ್ರೆಂಚ್ ಬನ್.

"ಥಿಯೊಬ್ರೋಮಾ ಬೇಕರಿಯಲ್ಲಿ ಸಿಗ್ತದಲ್ಲ" ಅಂದರು ಇವರು, ಪೇಪರಿನಿಂದ ತಲೆ ಎತ್ತದೆ. ಅತ್ತೆಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಎಂತದು, ಏಡಿಯಾ?" ಅಂದರು. ಕುಂದಾಪುರದವರಿಗೆ ಬೇರೆ ಏನು ಕಾಣಬೇಕು ಹೇಳಿ.

ಕ್ರೊಸಾಂಟ್ ಅಂದರೆ ಯೀಸ್ಟ್ ಹಾಕಿದ ಮೈದಾ ಹಿಟ್ಟು, ಅದರ ನಡುವೆ ಬೆಣ್ಣೆ. ಹಿಟ್ಟಿನೊಳಗೆ ಬೆಣ್ಣೆಯ ಚಪ್ಪಡಿ ಇಟ್ಟು, ಉದ್ದಕ್ಕೆ ಲಟ್ಟಿಸಿ, ಕಾಗದ ಮಡಚಿದ ಹಾಗೆ ಮೂರು ಮಡಿಕೆ ಮಾಡುವುದು. ಮತ್ತೆ ಲಟ್ಟಿಸಿ ಮಡಚುವುದು. ಇನ್ನೊಮ್ಮೆ. ಮೂರು ಸಲ ಮಡಚಿದರೆ ಬೆಣ್ಣೆಯ 27 ಪದರ. "ಥ್ರೀ ಕ್ಯೂಬ್" ಅಂದ ಏಳನೇ ಕ್ಲಾಸಿನ ಮಗ. ಲೆಕ್ಕ ಸುಲಭ. ಆದರೆ ಆ ಬೆಣ್ಣೆ ಹಿಟ್ಟಿನಷ್ಟೇ ಮೆತ್ತಗೆ ಇರಬೇಕು. ಸುಮಾರು 13ರಿಂದ 16 ಡಿಗ್ರಿ. ಅದಕ್ಕಿಂತ ತಣ್ಣಗಿದ್ದರೆ ಒಳಗೇ ಒಡೆಯುತ್ತದೆ. ಬೆಚ್ಚಗಾದರೆ ಹಿಟ್ಟಿನಲ್ಲಿ ಸೇರಿಹೋಗುತ್ತದೆ, ಪದರವೂ ಇಲ್ಲ ಏನೂ ಇಲ್ಲ. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಕೂಡ ನೀರಿನ ಹಾಗೆ ಇರುತ್ತದೆ. ಬೆಣ್ಣೆ ಯಾವ ಲೆಕ್ಕ?

ಮನೆಯಲ್ಲಿ ಎಸಿ ಇರುವುದು ಒಂದೇ ಕೋಣೆಯಲ್ಲಿ, ಮಲಗುವ ಕೋಣೆಯಲ್ಲಿ. ಅಲ್ಲಿ ಲಟ್ಟಿಸಲು ಜಾಗ ಇಲ್ಲ. ಮಂಚದ ಕೆಳಗೆ ಇಣುಕಿದಾಗ ಮಗನ ಕೇರಂ ಬೋರ್ಡ್ ಕಂಡಿತು. ಎರಡೂವರೆ ಅಡಿ ಚೌಕ, ನುಣುಪು, ಸಮತಟ್ಟು. ದುಡ್ಡು ಕೊಟ್ಟರೂ ಇಂಥದ್ದು ಸಿಗಲ್ಲ. ಬೋರಿಕ್ ಪೌಡರ್ ನೆನಪಾಗಿ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದೆ. ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ ಅಂಚಿಗೆ ಟೇಪ್ ಹಚ್ಚಿದೆ. "ಕಾಯಿನ್ ಓಡಲ್ಲ ಇನ್ನು ಮೇಲೆ" ಅಂತ ಮಗ ಗೊಣಗಿದ.

ಶನಿವಾರ ಬೆಳಿಗ್ಗೆ ನೀರು ಬರುವ ಹೊತ್ತಿಗೇ ಎದ್ದೆ. ಅರ್ಧ ಕಿಲೋ ಮೈದಾ, ಸಕ್ಕರೆ 60 ಗ್ರಾಂ, ಉಪ್ಪು 10 ಗ್ರಾಂ, ಒಂದು ಪುಟ್ಟ ಪೊಟ್ಟಣ ಯೀಸ್ಟ್, ತಣ್ಣನೆ ಹಾಲು. ಕಲಸಿ ಫ್ರಿಜ್ಜಿಗೆ ಹಾಕಿದೆ. ಕೆಲಸದ ಮೌಶಿ ಬರಲಿಲ್ಲ, ಪಾತ್ರೆ ತೊಳೆದೆ. ಉಪ್ಪಿಲ್ಲದ ಬೆಣ್ಣೆ 250 ಗ್ರಾಂ, ಬಟರ್ ಪೇಪರಿನ ನಡುವೆ ಇಟ್ಟು ಲಟ್ಟಣಿಗೆಯಲ್ಲಿ ಬಡಿದು ಬಡಿದು ಚೌಕ ಮಾಡಿದೆ. ಕೆಳಗಿನ ಮನೆಯ ಅಜ್ಜ ಇಂಟರ್‌ಕಾಮಿನಲ್ಲಿ ಮರಾಠಿಯಲ್ಲಿ ವಿಚಾರಿಸಿದರು, ಫರ್ನಿಚರ್ ಕೆಲಸ ನಡೀತಿದೆಯಾ ಅಂತ. ಬೆಣ್ಣೆ ಅಂದರೆ ನಂಬುತ್ತಿದ್ದರಾ? ಹೌದು, ಇವತ್ತೇ ಮುಗೀತದೆ ಅಂದೆ.

ಅಷ್ಟರಲ್ಲಿ ಹಲಸು ಬಂತು.

ಮೈದುನ ರಾತ್ರಿ ಬಸ್ಸಿಗೆ ಊರಿಂದ ಹೊರಟವನು, ಗೋಣಿಯಲ್ಲಿ ಕಟ್ಟಿದ ಬಕ್ಕೆ ಹಣ್ಣನ್ನು ಹೆಗಲ ಮೇಲೆ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ. ಬಸ್ಸಿನ ಸೆಕೆಗೆ ಪೂರ್ತಿ ಹಣ್ಣಾಗಿತ್ತು. ಇವತ್ತೇ ಕೊಯ್ಯಬೇಕು. ಅತ್ತೆ ಮುಖ ಅರಳಿತು. ಹಳೆ ಪೇಪರ್ ಹಾಸಿ, ಕೈಗೆ ಕತ್ತಿಗೆ ಎಣ್ಣೆ ಸವರಿ ಹಾಲ್‌ನಲ್ಲೇ ಕೂತರು. ತೊಳೆ ಬಿಡಿಸಿದ ಹಾಗೆ ಡಬ್ಬಿಗಳು ತುಂಬಿದವು. ತುಂಬಿದ ಡಬ್ಬಿಗಳೆಲ್ಲ ಫ್ರಿಜ್ಜಿಗೆ. ನನ್ನ ಹಿಟ್ಟು ಕೆಳಗಿನ ತರಕಾರಿ ಟ್ರೇಗೆ ಇಳಿಯಿತು. ಬೆಣ್ಣೆಯ ಚಪ್ಪಡಿ ಎರಡು ಹಲಸಿನ ಡಬ್ಬಿಗಳ ನಡುವೆ ನಿಂತಿತು, ಲೋಕಲ್ ಟ್ರೇನಿನಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವರಾಗಿ ತುರುಕಿಕೊಂಡವರ ಹಾಗೆ. ಒಂದು ಡಬ್ಬಿಗೆ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ನೋಡಿದ್ದೆ. ಸುಮ್ನೆ ಬಿಟ್ಟೆ. ಈ ವಿಷಯ ನೆನಪಿಟ್ಟುಕೊಳ್ಳಿ.

ಮಧ್ಯಾಹ್ನ ಎಸಿಯನ್ನು 18ಕ್ಕೆ ಇಟ್ಟು, ಇವರನ್ನು ನಿದ್ದೆಯಿಂದ ಎಬ್ಬಿಸಿ ಹೊರಗೆ ಕಳಿಸಿ, ಮಂಚದ ಮೇಲೆ ಕೇರಂ ಬೋರ್ಡ್ ಇಟ್ಟೆ. ಮೊದಲ ಮಡಿಕೆ ಎಷ್ಟು ಚೆನ್ನಾಗಿ ಬಂತು ಗೊತ್ತಾ? ಬೆಣ್ಣೆಯ ತುಂಡನ್ನು ಕೈಯಲ್ಲಿ ಬಗ್ಗಿಸಿ ನೋಡಿದ್ದೆ, ಒಡೆಯದೆ ಚರ್ಮದ ಬೆಲ್ಟಿನ ಹಾಗೆ ಬಾಗಿತ್ತು. ಹಿಟ್ಟು ಲಟ್ಟಣಿಗೆಯ ಕೆಳಗೆ ಸರಾಗವಾಗಿ ಉದ್ದವಾಯಿತು. ಅಂಚಿನಲ್ಲಿ ಬಿಳಿ, ಹಳದಿ, ಬಿಳಿ ಗೆರೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಎರಡನೇ ಮಡಿಕೆಯನ್ನೂ ಮುಗಿಸಿದೆ. ಅದೂ ಹಾಗೇ ಬಂತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಚಿರೋಟಿಗೆ ಸಾಟಿ ಹಚ್ಚಿ ಮಾಡುವುದೂ ಹೀಗೇ ಅಲ್ವಾ? ಅದಕ್ಕೆ ಇಷ್ಟು ಉಪದ್ರ ಇಲ್ಲಪ್ಪ." ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ತುಪ್ಪಕ್ಕೆ ಅಕ್ಕಿಹಿಟ್ಟು ಸೇರಿಸಿ ಹಚ್ಚುವುದರಿಂದ ಸಾಟಿ ಸೆಕೆಗೆ ಅಷ್ಟು ಬೇಗ ಓಡಿಹೋಗುವುದಿಲ್ಲ. ಯೀಸ್ಟಿನ ಗೋಜೂ ಇಲ್ಲ. ನೇರ ಎಣ್ಣೆಗೆ ಬಿಟ್ಟರಾಯಿತು. ಚೀಟಿಯಲ್ಲಿ ಚಿರೋಟಿ ಬರೆಯುವ ಬುದ್ಧಿ ಆರು ಜನರಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ಮೂರನೇ ಮಡಿಕೆಗೆ ಹಿಟ್ಟು ಬೋರ್ಡಿನ ಮೇಲೆ ಇಟ್ಟಿದ್ದೆ ಅಷ್ಟೆ, ಬೆಲ್ ಆಯಿತು. ಮದುವೆ ಕಾಗದ ಕೊಡಲು ಗಂಡ ಹೆಂಡತಿ ಬಂದಿದ್ದರು, ಅತ್ತೆಯ ಕಡೆಯ ನೆಂಟರು. "ಹಾಲ್‌ನಲ್ಲಿ ಸೆಕೆ, ಒಳಗೆ ಎಸಿ ಉಂಟು, ಬನ್ನಿ" ಅಂತ ಅತ್ತೆ ಅವರನ್ನು ಸೀದಾ ಮಲಗುವ ಕೋಣೆಗೇ ಕರೆತಂದರು. ಬಂದ ಹೆಂಗಸು ಮಂಚದ ತುದಿಯಲ್ಲಿ ಕೂತು ನನ್ನ ಹಿಟ್ಟನ್ನು ನೋಡಿದರು, ಕೇರಂ ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು. "ಎಷ್ಟು ಜನಕ್ಕೆ ಚಪಾತಿ?" ಅಂತ ಕೇಳಿದರು. ಹಿಟ್ಟನ್ನು ಎತ್ತಿಕೊಂಡು ಓಡಿದೆ. ಫ್ರಿಜ್ಜಿನಲ್ಲಿ ಜಾಗ ಇಲ್ಲ. ಫ್ರೀಜರಿಗೆ ತುರುಕಿದೆ. ಆಮೇಲೆ ಚಹಾ, ಹಲಸಿನ ತೊಳೆ, ಯಾರ ಮಗಳು, ಎಲ್ಲಿ ಹಾಲ್, ಊಟಕ್ಕೆ ಯಾರು. ಒಂದೂಕಾಲು ಗಂಟೆ.

ಹೊರಗೆ ತೆಗೆದಾಗ ಹಿಟ್ಟು ಹಲಗೆಯಾಗಿತ್ತು. ಹತ್ತು ನಿಮಿಷ ಕಾದೆ, ಇನ್ನೂ ಕಾಯಬೇಕಿತ್ತು. ಲಟ್ಟಣಿಗೆ ಒತ್ತಿದಾಗ ಒಳಗೆ ಪಟಪಟ ಅಂತ ಸಣ್ಣ ಸದ್ದು ಕೇಳಿತು. ಬೆಳಕಿಗೆ ಹಿಡಿದು ನೋಡಿದರೆ ಹಿಟ್ಟಿನ ತೆಳು ಚರ್ಮದ ಕೆಳಗೆ ಬೆಣ್ಣೆ ಒಣಗಿದ ಕೆರೆಯ ತಳದ ಹಾಗೆ ತುಂಡು ತುಂಡಾಗಿ ಬಿರಿದಿತ್ತು. ಒಂದು ಕಡೆ ಮಾತ್ರ, ಫ್ರೀಜರಿನ ಗೋಡೆಗೆ ತಾಗಿದ್ದ ಕಡೆ. ಮಡಚಿದೆ, ಇನ್ನೇನು ಮಾಡುವುದು? ರಾತ್ರಿ ಅಡುಗೆ ಮುಗಿದ ಮೇಲೆ ತ್ರಿಕೋನ ಕತ್ತರಿಸಿ, ಬುಡದಿಂದ ತುದಿಗೆ ಸುತ್ತಿ, ಹನ್ನೆರಡು ಏಡಿಗಳನ್ನು ತಟ್ಟೆಯಲ್ಲಿ ಮಲಗಿಸಿ ಫ್ರಿಜ್ಜಿಗೆ ಇಟ್ಟೆ. ಹಲಸಿನ ಪಕ್ಕದಲ್ಲೇ. ಬೇರೆ ಜಾಗ ಎಲ್ಲಿದೆ?

ಭಾನುವಾರ ಹಿಟ್ಟು ಉಬ್ಬಿಸುವ ಕೆಲಸ. ಇಡ್ಲಿ ಹಿಟ್ಟಿನ ಹಾಗೆ ಅಡುಗೆಮನೆಯಲ್ಲಿ ಬಿಟ್ಟರೆ ಯೀಸ್ಟ್‌ಗೆ ಖುಷಿಯೇ, ಆದರೆ ಬೆಣ್ಣೆ ಕರಗಿ ಹೊರಗೆ ಬರುತ್ತದೆ. ಮತ್ತೆ ಎಸಿ ಕೋಣೆ, ಈ ಸಲ 26ಕ್ಕೆ. ಮೈದುನ ಅಲ್ಲೇ ಮಲಗಿದ್ದ, ಅವನ ಕಾಲ ಬುಡದಲ್ಲಿ ತಟ್ಟೆ ಇಟ್ಟೆ. ಎರಡು ಗಂಟೆ ಸಾಕು ಅಂದುಕೊಂಡು ಮೊದಲ ಆರನ್ನು ಓಟಿಜಿಗೆ, ಅಂದರೆ ನಮ್ಮ ಪುಟ್ಟ ಕರೆಂಟ್ ಒವನ್ನಿಗೆ ಹಾಕಿದೆ. ಆತುರ ನನ್ನದು, ಮೂರೂವರೆಗೆ ಮನೆ ಬಿಡಬೇಕಿತ್ತು. 200 ಡಿಗ್ರಿ. ಐದು ನಿಮಿಷಕ್ಕೆ ಗಾಜಿನೊಳಗೆ ಕಂಡದ್ದು ಟ್ರೇ ತುಂಬ ಬೆಣ್ಣೆ, ಅದರಲ್ಲಿ ಈಜುತ್ತಿರುವ ಏಡಿಗಳು. ಸರಿಯಾಗಿ ಉಬ್ಬದೆ ಹಾಕಿದರೆ ಹೀಗೇ ಆಗುವುದು. ತಳ ಬಜ್ಜಿಯ ಹಾಗೆ ಕರಿದಿತ್ತು. ಮಗ ಒಂದನ್ನು ಮುರಿದು ಚಹಾದಲ್ಲಿ ಅದ್ದಿ "ಖಾರಿ ಥರ ಇದೆ, ಸೂಪರ್" ಅಂದ. ಖಾರಿ ಅಂದರೆ ಇಲ್ಲಿ ಚಹಾಕ್ಕೆ ಅದ್ದುವ ಪದರ ಪದರ ಬಿಸ್ಕತ್ತು. ಐದು ನಿಮಿಷದಲ್ಲಿ ಮೂರು ಖಾಲಿ.

ಉಳಿದ ಆರಕ್ಕೆ ಇನ್ನೊಂದು ಗಂಟೆ ಕೊಟ್ಟೆ. ತಟ್ಟೆ ಅಲುಗಿಸಿದರೆ ಮೆಲ್ಲಗೆ ತುಳುಕುವಷ್ಟು ಉಬ್ಬಿದವು. ಅಂಥದ್ದು ಬೇಯುವಾಗ ಬೇರೆಯೇ. ಬೆಣ್ಣೆಯೊಳಗಿನ ನೀರು ಆವಿಯಾಗಿ ಒಂದೊಂದೇ ಪದರವನ್ನು ಎತ್ತುತ್ತದೆ. ಕಾಲು ಗಂಟೆ ಓಟಿಜಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟೆ. ತಣಿದ ಮೇಲೆ ಒಂದನ್ನು ಅಡ್ಡಕ್ಕೆ ಕೊಯ್ದೆ. ಒಂದು ಬದಿ ಜೇನುಗೂಡು, ದೊಡ್ಡ ದೊಡ್ಡ ತೂತು, ಗೋಡೆಗಳು ಬೆಳಕು ಹಾಯುವಷ್ಟು ತೆಳು. ಇನ್ನೊಂದು ಬದಿ ಒತ್ತೊತ್ತಾಗಿ ಪಾವ್. ನಡುವೆ ಗೆರೆ ಹಾಕಿದ ಹಾಗೆ. ಪಾವ್ ಆದ ಬದಿ ಯಾವುದೆಂದು ನನಗೆ ಗೊತ್ತಿತ್ತು. ಮದುವೆ ಕಾಗದ ಬಂದ ಬದಿ.

ಒಂದು ಚೂರು ಬಾಯಿಗೆ ಹಾಕಿದೆ. ಬೆಣ್ಣೆ, ಸ್ವಲ್ಪ ಸಿಹಿ, ಮತ್ತೆ... ಅದೇ. ಇವರಿಗೆ ಕೊಟ್ಟೆ. ಅಗಿದರು, ನಿಲ್ಲಿಸಿದರು, ಮತ್ತೆ ಅಗಿದರು. ಏನೂ ಹೇಳದೆ ಫ್ರಿಜ್ಜಿನ ಕಡೆ ನೋಡಿದರು.

ಹಾಳಾದರೂ ತರಲೇಬೇಕು, ನಿಯಮ. ಉಳಿದ ಐದನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮೆತ್ತಗಾಗದಿರಲಿ ಅಂತ ಮುಚ್ಚಳ ಅರ್ಧ ತೆರೆದೇ ಇಟ್ಟುಕೊಂಡು ಸ್ಟೇಷನ್ನಿಗೆ ಹೋದೆ. ಭಾನುವಾರ, ಹಳಿ ರಿಪೇರಿಗೆ ಗಾಡಿ ಕಡಿಮೆ ಮಾಡುವ ಮೆಗಾಬ್ಲಾಕ್ ಬೇರೆ. ಗಾಡಿ ಬಂದಾಗ ಲೇಡೀಸ್ ಡಬ್ಬದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಡಬ್ಬಿಯನ್ನು ಎದೆಯ ಹತ್ತಿರ ಎತ್ತಿ ಹಿಡಿದುಕೊಂಡೆ. ದಿವಾ ದಾಟುವಾಗ ಪಕ್ಕದ ಹೆಂಗಸು ಮೂಗು ಅರಳಿಸಿ ನನ್ನ ಡಬ್ಬಿಯ ಕಡೆ ಬಾಗಿದರು. "ಫಣಸ್ ಕಾ?" ಮರಾಠಿಯಲ್ಲಿ ಹಲಸಿಗೆ ಫಣಸ್. ಹೌದು ಅಂದೆ. ಅರ್ಧ ಸತ್ಯ.

ಮುಲುಂಡಿನಲ್ಲಿ ಎಲ್ಲರ ಕಥೆಯೂ ಇಂಥದ್ದೇ. ಕಲ್ವಾದವಳದ್ದು ಪೂರಿಯಷ್ಟು ಚಪ್ಪಟೆ. ಭಾಂಡುಪಿನವಳದ್ದು ಮೇಲೆ ಕರಕಲು, ಒಳಗೆ ಹಸಿ. ನನ್ನದನ್ನು ಕತ್ತರಿಸಿ ಎಲ್ಲರೂ ಒಂದೊಂದು ಚೂರು ತೆಗೆದುಕೊಂಡರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಯಾವ ಎಸೆನ್ಸ್ ಹಾಕಿದ್ದಿ?" ಅಂತ ಕೇಳಿದಳು ಮುಲುಂಡಿನವಳು.

ಫ್ರಿಜ್ಜಿನ ಕಥೆ ಹೇಳಿದೆ. ಬಕ್ಕೆ, ಮುಚ್ಚಳ ಕೂರದ ಡಬ್ಬಿ, ಎಲ್ಲ. ನಗುತ್ತಾರೆ ಅಂದುಕೊಂಡಿದ್ದೆ. ಐದೂ ಜನ ಊರಿನವರೇ ಅಲ್ವಾ, ಮೇ ಪೂರ್ತಿ ಊರಿಗೆ ಹೋಗಲಾಗದೆ ಇಲ್ಲೇ ಉಳಿದವರು.

"ಕ್ರೊಸಾಂಟ್ ಇರಲಿ ಮಾರಾಯ್ತಿ" ಅಂದಳು ಕಲ್ವಾದವಳು, ಇನ್ನೊಂದು ಚೂರಿಗೆ ಕೈ ಹಾಕುತ್ತ. "ಆ ಹಣ್ಣು ಇನ್ನೂ ಉಂಟಾ?"